ಮೂರು ದಿನ ಆದ ಮೇಲೆ ಒಡೆದ ಗಾಜಿನ ತಟ್ಟೆ

ಸೋಮವಾರಪೇಟೆಯಿಂದ:
4 ಮಿ.ಮೀ. ಕಿಟಕಿ ಗಾಜು ಎರಡು ಪದರ ಇಟ್ಟು, ಮೇಲೆ ಹಸಿರು ಬಾಟಲಿ ಚೂರುಗಳಿಂದ ಕಾಫಿ ಎಲೆಗಳನ್ನು ಜೋಡಿಸಿದ್ದೆ. ಕಿಲ್ನ್‌ನಲ್ಲಿ (ಗಾಜು ಬೆಸೆಯುವ ಕರೆಂಟ್ ಕುಲುಮೆ) 830 ಡಿಗ್ರಿಗೆ ಚೆನ್ನಾಗಿ ಬೆಸೆಯಿತು. ಮೂರನೇ ದಿನ ರಾತ್ರಿ ಮೇಜಿನ ಮೇಲೇ ಟಕ್ ಅಂತ ಒಡೆಯಿತು. ಅಮ್ಮನಿಗೆ ಅಂತ ಮಾಡಿದ್ದು, ತುಂಬಾ ಬೇಜಾರಾಗಿದೆ. ತಣಿಯುವಾಗ ಒಂದು ಗಂಟೆ ಕರೆಂಟ್ ಇರಲಿಲ್ಲ. ಅದೇ ಕಾರಣವಾ?

ವಿರಾಜಪೇಟೆಯಿಂದ:
ಅಕ್ಕಾ, ಒಡೆದ ಅಂಚು ಮುಟ್ಟಿ ನೋಡಿ, ಹುಷಾರು. ದುಂಡಗಿದ್ದರೆ ಬಿಸಿ ಏರುವಾಗಲೇ ಬಿರಿದು ಆಮೇಲೆ ಕರಗಿದೆ. ಚೂಪಾಗಿದ್ದರೆ ತಣಿಯುವಾಗ ಅಥವಾ ಆಮೇಲೆ ಒಡೆದದ್ದು. ಬಿರುಕು ಯಾವ ದಾರಿ ಹಿಡಿದಿದೆ?

ಸೋಮವಾರಪೇಟೆಯಿಂದ:
ಚೂಪಾಗಿದೆ. ಎಲೆಗಳ ಅಂಚು ಹಿಡಿದೇ ಹೋಗಿದೆ.

ವಿರಾಜಪೇಟೆಯಿಂದ:
ಹಾಗಾದರೆ ಕರೆಂಟಿಗಿಂತ ಗಾಜಿನ ಮೇಲೇ ನನಗೆ ಅನುಮಾನ ಜಾಸ್ತಿ. ಬಿಸಿಗೆ ಹಿಗ್ಗುವ, ತಣಿದಾಗ ಕುಗ್ಗುವ ಪ್ರಮಾಣ ಎಲ್ಲ ಗಾಜಿಗೂ ಒಂದೇ ಅಲ್ಲ. ಕಿಟಕಿ ಗಾಜು ಒಂದಷ್ಟು ಕುಗ್ಗಿದರೆ ಬಾಟಲಿ ಗಾಜು ಇನ್ನೊಂದಷ್ಟು. ಬೆಸೆದ ಮೇಲೆ ಒಂದನ್ನೊಂದು ಎಳೆಯುತ್ತಲೇ ಇರುತ್ತವೆ. ಎಷ್ಟು ನಿಧಾನವಾಗಿ ತಣಿಸಿದರೂ ಆ ಎಳೆತ ಹೋಗುವುದಿಲ್ಲ.

ಸುಮ್ನೆ ನಂಬಬೇಡಿ, ಪರೀಕ್ಷೆ ಮಾಡಿ. ಕಿಟಕಿ ಗಾಜಿನ ಪಟ್ಟಿ ಮೇಲೆ ಒಂದು ಕಡೆ ಬಾಟಲಿ ಚೂರು, ಇನ್ನೊಂದು ಕಡೆ ಅದೇ ಕಿಟಕಿ ಗಾಜಿನ ಚೂರು ಇಟ್ಟು ಬೆಸೆಯಿರಿ. ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ತೆರೆದು, ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಪರದೆ ಕಪ್ಪಾಗುವ ತನಕ ತಿರುಗಿಸಿ. ನಡುವೆ ಪಟ್ಟಿ ಹಿಡಿಯಿರಿ. ಚೂರಿನ ಸುತ್ತ ಬೆಳಕಿನ ಬಳೆ ಕಂಡರೆ ಅಲ್ಲಿ ಎಳೆತ ಇದೆ.

ಸೋಮವಾರಪೇಟೆಯಿಂದ:
ಮಾಡಿದೆ ಅಣ್ಣಾ! ಬಾಟಲಿ ಚೂರಿನ ಸುತ್ತ ಬಿಳಿ ಬಳೆ. ಕಿಟಕಿ ಚೂರಿನ ಸುತ್ತ ಏನೂ ಇಲ್ಲ. ಈಗ ಹಸಿರು ಎಲ್ಲಿಂದ ತರಲಿ?

ವಿರಾಜಪೇಟೆಯಿಂದ:
ಎರಡು ದಾರಿ. ತಳ ಕಿಟಕಿ ಗಾಜೇ ಆಗಬೇಕೆಂದರೆ ಅದಕ್ಕೆ ಹೊಂದುವ ಎನಾಮೆಲ್ ಪುಡಿಯಿಂದ (ಬಣ್ಣದ ಗಾಜಿನ ನುಣುಪು ಪುಡಿ) ಎಲೆ ಬರೆಯಿರಿ. ಇಲ್ಲವೇ ತಳ, ಬಣ್ಣ ಎರಡನ್ನೂ ಒಂದೇ ಸಿಒಇ (ಗಾಜು ಹಿಗ್ಗುವ ಪ್ರಮಾಣದ ಸಂಖ್ಯೆ) ಗುರುತಿನದ್ದೇ ತನ್ನಿ, 90 ಅಂದರೆ ಪೂರ್ತಿ 90, 96 ಅಂದರೆ ಪೂರ್ತಿ 96. ಆಗ ತಾಪಮಾನವೂ ಬೇರೆ, ಗಾಜು ಮಾಡಿದವರ ಪಟ್ಟಿಯನ್ನೇ ಹಿಡಿಯಿರಿ.

ಕರೆಂಟಿನ ಮಾತನ್ನೂ ಬಿಡಬೇಡಿ. ಕಿಟಕಿ ಗಾಜನ್ನು ನಾನು 550 ಡಿಗ್ರಿ ಹತ್ತಿರ ಎರಡು ಗಂಟೆ ನಿಲ್ಲಿಸಿ, ಆಮೇಲೆ ಗಂಟೆಗೆ 50 ಡಿಗ್ರಿಯಂತೆ 400ರ ತನಕ ಇಳಿಸುತ್ತೇನೆ. ಈ ಹೊತ್ತಿನಲ್ಲಿ ಕರೆಂಟ್ ಹೋದರೆ ಮುಚ್ಚಳ ತೆಗೆಯಲೇಬೇಡಿ. ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ನಿಮಗೇ ಗೊತ್ತಲ್ವಾ? ಆ ತಿಂಗಳು ನಾನು ಗಾಜು ಕತ್ತರಿಸಿ ಇಡುತ್ತೇನೆ, ಕಿಲ್ನ್ ಹಚ್ಚುವುದಿಲ್ಲ.

ಅಮ್ಮನ ತಟ್ಟೆ ಆದಾಗ ಅದನ್ನೂ ಪರದೆ ಮುಂದೆ ಹಿಡಿದು ನೋಡಿಯೇ ಕೊಡಿ.