ಚಿಕ್ಕಮ್ಮನ ಫಾರ್ವರ್ಡ್, ಅತ್ತಿಗೆಯ ಹೊಟ್ಟೆನೋವು

ಭಾನುವಾರ ಬೆಳಿಗ್ಗೆ ಹಾಸನದ ಚಿಕ್ಕಮ್ಮ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು.

"ತುರ್ತು ಮಾಹಿತಿ! ಗರ್ಭನಿರೋಧಕ ಮಾತ್ರೆ ನುಂಗುವ ಹೆಣ್ಣುಮಕ್ಕಳಲ್ಲಿ ಕರುಳಿನ ಕಾಯಿಲೆ ಮೂರು ಪಟ್ಟು ಜಾಸ್ತಿ. ಅಮೆರಿಕದ ಲಕ್ಷಾಂತರ ನರ್ಸ್‌ಗಳ ಮೇಲೆ ನಡೆದ ಸಂಶೋಧನೆ. ಐಬಿಎಸ್‌ಗೆ ಇದೇ ಮೂಲ ಕಾರಣ. ಇವತ್ತೇ ಮಾತ್ರೆ ನಿಲ್ಲಿಸಿ. ಮನೆಯ ಹೆಣ್ಣುಮಕ್ಕಳಿಗೆಲ್ಲ ಕಳಿಸಿ."

ಐಬಿಎಸ್ ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಹೊಟ್ಟೆನೋವು, ಮಲಬದ್ಧತೆ, ಬೇಧಿ ಪದೇ ಪದೇ ಕಾಡುವ ಕರುಳಿನ ತೊಂದರೆ. ಫಾರ್ವರ್ಡ್ ಕೆಳಗೆ ಚಿಕ್ಕಮ್ಮ ತಾವೇ ಒಂದು ಸಾಲು ಸೇರಿಸಿದ್ದರು: "ಯಾರಿಗೆ ಅನ್ವಯಿಸುತ್ತೋ ಅವರು ಓದಿಕೊಳ್ಳಲಿ."

ಆ ಸಾಲು ಯಾರಿಗೆ ಎಂದು ಗುಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಚಿಕ್ಕಮ್ಮನ ಸೊಸೆ, ಅಂದರೆ ನನ್ನ ಅತ್ತಿಗೆ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಮೊದಲಿನಿಂದಲೂ ಹೊಟ್ಟೆಯ ತೊಂದರೆ. ಅವರು ಮಾತ್ರೆ ತೆಗೆದುಕೊಳ್ಳುವ ಸುದ್ದಿ ಹೇಗೋ ಹಾಸನ ತಲುಪಿತ್ತು. ಮದುವೆಯಾಗಿ ಮೂರು ವರ್ಷವಾದರೂ ಮೊಮ್ಮಗು ಇಲ್ಲ ಎಂಬ ಕೊರಗು ಚಿಕ್ಕಮ್ಮನದು. ಇಷ್ಟನ್ನೂ ಅತ್ತಿಗೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾನು ತುಮಕೂರಿನಲ್ಲಿ ಮೆಡಿಕಲ್ ಶಾಪ್ ನಡೆಸುವವಳು. ಇಂಥದ್ದನ್ನು ಓದಿ ಹೆದರಿದ ಹೆಣ್ಣುಮಕ್ಕಳನ್ನು ಕೌಂಟರ್ ಆಚೆ ನೋಡುತ್ತಲೇ ಇರುತ್ತೇನೆ. ಹಾಗಾಗಿ ಸುಮ್ಮನಿರಲು ಆಗಲಿಲ್ಲ.

ಮೊದಲು ಬಂದವರು ದೊಡ್ಡಪ್ಪ, ನಿವೃತ್ತ ಹೆಡ್‌ಮಾಸ್ಟರ್.

ದೊಡ್ಡಪ್ಪ: ಒಳ್ಳೆಯ ಮಾಹಿತಿ. ಪ್ರಕೃತಿಗೆ ವಿರುದ್ಧ ಹೋದರೆ ದೇಹ ಸುಮ್ಮನಿರುವುದಿಲ್ಲ. ನಮ್ಮಮ್ಮ ಏಳು ಮಕ್ಕಳನ್ನು ಹೆತ್ತರು. ಒಂದು ದಿನ ಹೊಟ್ಟೆ ಹಿಡಿದುಕೊಂಡು ಕೂತದ್ದನ್ನು ನಾನು ಕಾಣೆ.

ಪುಣೆ ಅಣ್ಣ: ಅಪ್ಪ, ಇದಕ್ಕೆ ಸೋರ್ಸ್ ಎಲ್ಲಿ? ಯಾವ ಸಂಶೋಧನೆ, ಯಾವ ವರ್ಷದ್ದು?

ದೊಡ್ಡಪ್ಪ: ಅಮೆರಿಕದ್ದು ಅಂತ ಬರೆದಿದೆಯಲ್ಲ.

ಪುಣೆ ಅಣ್ಣ: ಅದು ದೇಶದ ಹೆಸರಾಯಿತು. ಲೇಖನ ಎಲ್ಲಿದೆ ಅಂತ ಕೇಳಿದೆ.

ದೊಡ್ಡಪ್ಪ: ನಿನ್ನ ಮದುವೆಗೆ ಜಾತಕ ನೋಡಿಸಿದಾಗಲೂ ಹೀಗೇ ಅಡ್ಡ ಮಾತಾಡಿದೆ. ಹಿರಿಯರು ಹೇಳಿದ್ದು ಅಂದರೆ ನಿನಗೆ ಯಾವತ್ತೂ ಅಷ್ಟಕ್ಕಷ್ಟೆ.

ಹಾಸನದ ಚಿಕ್ಕಮ್ಮ: ನಾಲ್ಕು ಜನಕ್ಕೆ ಒಳ್ಳೆಯದಾಗಲಿ ಅಂತ ಹಾಕಿದೆ. ನನ್ನ ಮಾತಿಗೆ ಈ ಮನೆಯಲ್ಲಿ ಬೆಲೆ ಇದ್ದದ್ದು ಯಾವಾಗ? ತೋಟದ ಮನೆ ಮಾರುವಾಗ ನಮ್ಮನ್ನು ಒಂದು ಮಾತು ಕೇಳಿದ್ರಾ?

ಪುಣೆ ಅಣ್ಣ: ಚಿಕ್ಕಮ್ಮ, ಮಾತ್ರೆಗೂ ತೋಟದ ಮನೆಗೂ ಏನು ಸಂಬಂಧ?

ಹಾಸನದ ಚಿಕ್ಕಮ್ಮ: ಎಲ್ಲಕ್ಕೂ ಸಂಬಂಧ ಇದೆ.

ತೋಟದ ಮನೆಯ ಹೆಸರು ಬಂದದ್ದೇ ತಡ, ಶಿವಮೊಗ್ಗದ ಭಾವ ಬಂದರು.

ಶಿವಮೊಗ್ಗ ಭಾವ: ಆಹಾ, ತೋಟದ ಮನೆ! ಹೊಸ ಅಳಿಯ ಅಂತ ಹೋಳಿಗೆ ಬಡಿಸಿ ಬಡಿಸಿ ನನ್ನ ಹೊಟ್ಟೆ ಕೆಟ್ಟಿತ್ತು. ಅಜ್ಜಿ ಓಮ ಹುರಿದು ಕುಟ್ಟಿ, ಮಜ್ಜಿಗೆಗೆ ಚಿಟಿಕೆ ಇಂಗು ಹಾಕಿ ಕೊಟ್ಟರು. ಸಂಜೆಗೆ ಸರಿ. ಆ ಊರಿನ ಆಸ್ಪತ್ರೆ ಗೋಡೆ ಮೇಲೆ ಕೆಂಪು ತ್ರಿಕೋನ ಇತ್ತಲ್ಲ, ಪಕ್ಕದಲ್ಲಿ "ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ" ಅಂತ ಬರೆದಿದ್ದರು. ಯಾರಿಗೆ ನೆನಪಿದೆ?

ಎಲ್ಲರಿಗೂ ನೆನಪಿತ್ತು. ಜಗಲಿಯ ಹಳೆಯ ಫೋಟೋ ಬಂತು. ಅದರಲ್ಲಿ ನಿಂತ ಮಗು ಯಾರು ಎಂಬ ಚರ್ಚೆ ಶುರುವಾಯಿತು. ಅಷ್ಟರಲ್ಲಿ ನಾನು ಆ ನರ್ಸ್‌ಗಳ ಸಂಶೋಧನೆ ಹುಡುಕಿ ಓದಿದೆ. ಸಿಕ್ಕಿದ್ದನ್ನು ಗುಂಪಿಗೆ ಬರೆದೆ.

ನಾನು: ಸಂಶೋಧನೆ ನಿಜವಾಗಿಯೂ ಇದೆ. ಅಮೆರಿಕದಲ್ಲಿ 1976ರಲ್ಲಿ ನರ್ಸಸ್ ಹೆಲ್ತ್ ಸ್ಟಡಿ ಎಂಬ ದೊಡ್ಡ ಅಧ್ಯಯನ ಶುರುವಾಯಿತು. ಅದನ್ನೂ ಅದರ ಎರಡನೇ ಕಂತನ್ನೂ ಸೇರಿಸಿ, 2 ಲಕ್ಷಕ್ಕೂ ಜಾಸ್ತಿ ಹೆಂಗಸರ ಮಾಹಿತಿ ನೋಡಿ, 2013ರಲ್ಲಿ "ಗಟ್" ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬಂತು. ಆಗ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಕ್ರೋನ್ಸ್ ಕಾಯಿಲೆ ಸುಮಾರು 2.8 ಪಟ್ಟು ಜಾಸ್ತಿ ಕಂಡಿತು. ಆದರೆ ಕ್ರೋನ್ಸ್ ಅಂದರೆ ಐಬಿಎಸ್ ಅಲ್ಲ. ಅದು ಐಬಿಡಿ (ಇನ್‌ಫ್ಲಮೇಟರಿ ಬವೆಲ್ ಡಿಸೀಸ್) ಗುಂಪಿನದು, ಕರುಳಿಗೆ ಉರಿಯೂತ ಬಂದು ಹುಣ್ಣಾಗುವ ಕಾಯಿಲೆ. ಅಪರೂಪದ್ದು. ಹಾಗಾಗಿ ಮೂರು ಪಟ್ಟಾದರೂ ಸಂಖ್ಯೆ ಚಿಕ್ಕದೇ. ಐಬಿಎಸ್‌ನಲ್ಲಿ ಸ್ಕೋಪ್ ಹಾಕಿ ನೋಡಿದರೆ ಕರುಳು ಸರಿಯಾಗೇ ಕಾಣುತ್ತದೆ. ಅದರ ಚಲನೆ ಏರುಪೇರಾಗಿರುತ್ತದೆ, ಸಣ್ಣದಕ್ಕೂ ನೋಯುತ್ತದೆ. ಫಾರ್ವರ್ಡ್ ಬರೆದವರು ಎರಡನ್ನೂ ಒಂದು ಮಾಡಿದ್ದಾರೆ.

ಪುಣೆ ಅಣ್ಣ: ನೋಡಿದ್ರಾ ಅಪ್ಪ? ನಾನು ಹೇಳಿರಲಿಲ್ವಾ?

ದೊಡ್ಡಪ್ಪ: ನೀನೇನು ಹೇಳಿದೆ? ಹುಡುಕಿದ್ದು ಅವಳು.

ಅಣ್ಣ ಅಲ್ಲಿಗೆ ನಿಲ್ಲಿಸಲಿಲ್ಲ. ಮಾತ್ರೆಗಳಲ್ಲಿ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಇರುತ್ತದೆ, ಉಬ್ಬರಕ್ಕೆ ಅದೇ ಕಾರಣ ಎಂದು ತಾವೂ ಒಂದು ಲಿಂಕ್ ಹಾಕಿದರು. ಅದನ್ನು ಅವರೂ ಪೂರ್ತಿ ಓದಿರಲಿಲ್ಲ. ಮಾತ್ರೆಯಲ್ಲಿ ಲ್ಯಾಕ್ಟೋಸ್ ಇರುವುದು ನಿಜ, ಹತ್ತಾರು ಮಿಲಿಗ್ರಾಂ ಅಷ್ಟೇ. ಒಂದು ಲೋಟ ಹಾಲಿನಲ್ಲಿ ಸುಮಾರು 10 ಗ್ರಾಂ ಇರುತ್ತದೆ. ಕಾಫಿ ಕುಡಿದು ಏನೂ ಆಗದವರಿಗೆ ಮಾತ್ರೆಯ ಲ್ಯಾಕ್ಟೋಸ್‌ನಿಂದ ಹೊಟ್ಟೆ ಉಬ್ಬುವುದಿಲ್ಲ. ಇದನ್ನು ಬರೆದಾಗ ದೊಡ್ಡಪ್ಪ ಮೂರು ಚಪ್ಪಾಳೆ ಹಾಕಿದರು.

ಆಗ ಅತ್ತಿಗೆ ಬರೆದರು. ಬೆಳಗಿನಿಂದ ಅವರ ಹೆಸರು ಯಾರೂ ಎತ್ತಿರಲಿಲ್ಲ, ಆದರೆ ಮಾತೆಲ್ಲ ಅವರದೇ.

ಅತ್ತಿಗೆ: ನನ್ನ ವಿಷಯ ಅಂತ ಎಲ್ಲರಿಗೂ ಗೊತ್ತಲ್ಲ, ನಾನೇ ಹೇಳಿಬಿಡುತ್ತೇನೆ. ನನಗೆ ಹೊಟ್ಟೆ ತೊಂದರೆ ಶುರುವಾಗಿದ್ದು ಪಿಯುಸಿ ಓದುವಾಗ. ಆಗ ಮಾತ್ರೆಯೂ ಇರಲಿಲ್ಲ, ಮದುವೆಯೂ ಆಗಿರಲಿಲ್ಲ. ಮುಟ್ಟಿಗೆ ಮೊದಲಿನ ವಾರ ಪೂರ್ತಿ ಮೋಷನ್ ಆಗದೆ ಹೊಟ್ಟೆ ಉಬ್ಬಿಕೊಳ್ಳುತ್ತಿತ್ತು. ಮುಟ್ಟಾದ ದಿನ ಬೇಧಿ, ಕೆಳಹೊಟ್ಟೆ ಹಿಂಡಿದ ಹಾಗೆ ನೋವು, ಬಾತ್‌ರೂಮಿನಿಂದ ಎದ್ದು ಬರುವುದೇ ಕಷ್ಟ. ಈಗ ಡಾಕ್ಟರ್ ಮಾತ್ರೆ ಕೊಟ್ಟಿರುವುದು ಆ ನೋವಿಗೆ. ಎಂಡೊಮೆಟ್ರಿಯೋಸಿಸ್ ಇರಬಹುದು ಎಂದು ಪರೀಕ್ಷೆ ನಡೆಯುತ್ತಿದೆ. ಶುರುವಿನಲ್ಲಿ ವಾಕರಿಕೆ ಆಯಿತು, ಉಬ್ಬರ ಜಾಸ್ತಿಯಾಯಿತು. ಆಮೇಲೆ ಇಳಿಯಿತು. ಈಗ ಮುಟ್ಟಾದ ದಿನವೂ ಆಫೀಸಿಗೆ ಹೋಗುತ್ತೇನೆ.

ಹಾಸನದ ಚಿಕ್ಕಮ್ಮ: ಇದನ್ನೆಲ್ಲ ನನಗೆ ಮೊದಲೇ ಹೇಳಬಹುದಿತ್ತಲ್ಲ.

ಅತ್ತಿಗೆ: ನೀವು ಕೇಳಲಿಲ್ಲ ಅತ್ತೆ.

ದೊಡ್ಡಪ್ಪ: ಹಿರಿಯರಿಗೆ ಹೀಗೆ ಉತ್ತರ ಕೊಡಬಾರದಮ್ಮ.

ಅಲ್ಲಿಂದ ಗುಂಪು ಎರಡಾಯಿತು. ಅತ್ತಿಗೆಯ ಮಾತಿನ ಧಾಟಿ ಸರಿಯೇ, ತಪ್ಪೇ? ಚಿಕ್ಕಮ್ಮ ಎಲ್ಲರ ಮುಂದೆ ಚುಚ್ಚಿದ್ದು ಸರಿಯೇ? ಗೌರಿ ಹಬ್ಬಕ್ಕೆ ಸೊಸೆ ಊಟ ಅರ್ಧಕ್ಕೇ ಬಿಟ್ಟು ಎದ್ದದ್ದು ಯಾಕೆ? ಯಾರ ಮದುವೆಯಲ್ಲಿ ಯಾರು ಯಾರನ್ನು ಮಾತಾಡಿಸಲಿಲ್ಲ? ಇದೇ ನಡೆಯಿತು. ನನಗೆ ತುಂಬಾ ಬೇಸರವಾಯಿತು. ಒಬ್ಬ ಹೆಣ್ಣುಮಗಳು ತನ್ನ ಬಾತ್‌ರೂಮಿನ ಕಷ್ಟವನ್ನು ಮಾವಂದಿರಿರುವ ಗುಂಪಿನಲ್ಲಿ ಬಿಡಿಸಿ ಹೇಳಿಕೊಳ್ಳಬೇಕಾಯಿತು, ಅದೂ ಯಾರೋ ಗುರುತಿಲ್ಲದವರು ಬರೆದ ನಾಲ್ಕು ಸಾಲಿಗೆ ಉತ್ತರವಾಗಿ. ಅದನ್ನು ಓದಿಯೂ "ಈಗ ನೋವು ಹೇಗಿದೆಯಮ್ಮ" ಎಂದು ಒಬ್ಬರೂ ಕೇಳಲಿಲ್ಲ.

ಅತ್ತಿಗೆ ಹೇಳಿದ ಆ ಏರಿಳಿತ ಬಹಳ ಹೆಂಗಸರಿಗೆ ಇದೆ. ಮುಟ್ಟಿಗೆ ಮೊದಲಿನ ದಿನಗಳಲ್ಲಿ ಪ್ರೊಜೆಸ್ಟರಾನ್ ಜಾಸ್ತಿ ಇರುತ್ತದೆ, ಕರುಳು ನಿಧಾನವಾಗುತ್ತದೆ. ಬಸಿರಿಯರಿಗೆ ಮಲಬದ್ಧತೆ ಆಗುವುದಕ್ಕೂ ಇದು ಒಂದು ಕಾರಣ. ಮುಟ್ಟು ಬರುವ ಹೊತ್ತಿಗೆ ಆ ಹಾರ್ಮೋನ್ ಇಳಿಯುತ್ತದೆ. ಗರ್ಭಕೋಶದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟಿ ಅದನ್ನು ಹಿಂಡುತ್ತದೆ. ಪಕ್ಕದ ಕರುಳನ್ನೂ ಅದು ಬಿಡುವುದಿಲ್ಲ, ಬೇಧಿಯಾಗುತ್ತದೆ. ಐಬಿಎಸ್ ಇದ್ದವರಿಗೆ ಇದೇ ದುಪ್ಪಟ್ಟಾಗಿ ಕಾಡುತ್ತದೆ.

ಎರಡು ಹಾರ್ಮೋನ್ ಸೇರಿದ ಮಾತ್ರೆ ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ. ಆಗ ಈ ಏರಿಳಿತವೂ ತಗ್ಗುತ್ತದೆ, ಪ್ರೊಸ್ಟಾಗ್ಲಾಂಡಿನ್ ಕೂಡ ಕಡಿಮೆಯಾಗುತ್ತದೆ. ಹಾಗಾಗಿ ಕೆಲವರಿಗೆ ಹೊಟ್ಟೆಯೂ ಹಗುರವಾಗುತ್ತದೆ. ಇನ್ನು ಕೆಲವರಿಗೆ ಮೊದಲ ಎರಡು ಮೂರು ತಿಂಗಳು ವಾಕರಿಕೆ, ಉಬ್ಬರ ಬರುತ್ತದೆ, ಅದರಲ್ಲಿ ಬಹಳ ಜನಕ್ಕೆ ತಾನಾಗಿ ಹೋಗುತ್ತದೆ. ಹೋಗದಿದ್ದರೆ ಡಾಕ್ಟರ್ ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ಮಾತ್ರೆಯಿಂದಲೇ ಐಬಿಎಸ್ ಹುಟ್ಟುತ್ತದೆ ಎಂಬುದು ಸಾಬೀತಾಗಿಲ್ಲ.

ಎಂಡೊಮೆಟ್ರಿಯೋಸಿಸ್ ವಿಷಯ ಗುಂಪಿನಲ್ಲಿ ಯಾರೂ ಗಮನಿಸಲೇ ಇಲ್ಲ. ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆಯುವ ಕಾಯಿಲೆ ಅದು. ಕೆಲವರಲ್ಲಿ ಕರುಳಿನ ಮೇಲೂ ಬೆಳೆಯುತ್ತದೆ. ಮುಟ್ಟಿನ ದಿನ ಮಲವಿಸರ್ಜನೆಗೆ ಕೂತರೆ ಜೀವ ಹೋಗುವಷ್ಟು ನೋವು ಬರುತ್ತದೆ. ಎಷ್ಟೋ ಹೆಂಗಸರು ವರ್ಷಗಟ್ಟಲೆ ಐಬಿಎಸ್ ಎಂದುಕೊಂಡೇ ಓಡಾಡುತ್ತಾರೆ. ಅಂಥವರಿಗೆ ಈ ಹಾರ್ಮೋನ್ ಮಾತ್ರೆಯೇ ಒಂದು ಚಿಕಿತ್ಸೆ. "ಇವತ್ತೇ ನಿಲ್ಲಿಸಿ" ಎಂದು ಬರೆದವರಿಗೆ ಇದರ ಅರಿವೇ ಇಲ್ಲ.

ಇದನ್ನೆಲ್ಲ ಗುಂಪಿಗೂ ಬರೆದೆ. ಉತ್ತರ ಬಂದದ್ದು ಯಾವತ್ತೂ ಮಾತಾಡದ ದೊಡ್ಡತ್ತೆಯಿಂದ. ಧ್ವನಿ ಸಂದೇಶ.

ದೊಡ್ಡತ್ತೆ: ನಾನೂ ಮಾಲಾ ನುಂಗಿದ್ದೇನೆ ಕಣ್ರೇ. ಎರಡನೇ ಮಗು ಆದಮೇಲೆ ನರ್ಸಮ್ಮ ತಂದುಕೊಡುತ್ತಿದ್ದಳು. ನಿಮ್ಮ ಮಾವನಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ. ಪ್ರತಿ ತಿಂಗಳೂ ಕೊನೆಯ ವಾರ ಮೋಷನ್ ಕಪ್ಪಗೆ ಹೋಗುತ್ತಿತ್ತು, ಗಟ್ಟಿ ಬೇರೆ. ಕರುಳೇ ಸುಟ್ಟುಹೋಯಿತು ಅಂತ ಹೆದರಿ ಬಿಟ್ಟುಬಿಟ್ಟೆ. ಯಾರನ್ನು ಕೇಳುವುದು? ಮೂರನೆಯವನು ಹುಟ್ಟಿದ್ದು ಆಮೇಲೆ.

ಇದನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ. ಮಾಲಾ-ಎನ್ ಎಂಬ ಗರ್ಭನಿರೋಧಕದ ಪಟ್ಟಿಯಲ್ಲಿ 28 ಮಾತ್ರೆ. 21ರಲ್ಲಿ ಹಾರ್ಮೋನ್ ಇದೆ, ಅವು ಬಿಳಿ. ಕೊನೆಯ 7 ಬಣ್ಣದವು, ಅವು ಬರೀ ಕಬ್ಬಿಣಾಂಶ. ಮುಟ್ಟಿನಲ್ಲಿ ರಕ್ತ ಹೋಗುತ್ತದೆ ಎಂದು ಸೇರಿಸಿರುವುದು. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಕೆಲವರಿಗೆ ಗಟ್ಟಿಯೂ ಆಗುತ್ತದೆ. ಹೊಟ್ಟೆ ಸೂಕ್ಷ್ಮ ಇದ್ದವರಿಗೆ ಆ ವಾರ ತ್ರಾಸವೇ. ದೊಡ್ಡತ್ತೆಗೆ ಅಂದು ಯಾರಾದರೂ ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ದೊಡ್ಡತ್ತೆಯ ಮೂರನೆಯ ಮಗ ಶಿವಮೊಗ್ಗ ಭಾವನೇ. ಅವರು "ಅಮ್ಮ!" ಎಂದು ಬರೆದು ಸುಮ್ಮನಾದರು.

ದೊಡ್ಡಪ್ಪ: ಇಂಥ ವಿಷಯ ಗುಂಪಿನಲ್ಲಿ ಬೇಡ. ಇದೆಲ್ಲ ನಮ್ಮ ಸಂಸ್ಕೃತಿಯಲ್ಲ, ಹೊರಗಿನಿಂದ ಬಂದದ್ದು.

ಪುಣೆ ಅಣ್ಣ: ಅಪ್ಪ, ಅಮೆರಿಕದಲ್ಲಿ ಈ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ನಮ್ಮ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದದ್ದು 1930ರಲ್ಲಿ, ಮಹಾರಾಜರ ಕಾಲದಲ್ಲೇ.

ದೊಡ್ಡಪ್ಪ: ಅದಕ್ಕೆ ಸೋರ್ಸ್ ಎಲ್ಲಿ?

ಇವರಿಬ್ಬರ ಜಗಳದ ನಡುವೆ ಕಾಲೇಜಿಗೆ ಹೋಗುವ ತಂಗಿಯೊಬ್ಬಳು ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದಳು: ಹೊಟ್ಟೆ ಸುಮ್ನೆ ಕೆಟ್ಟಿದೆಯೋ, ಐಬಿಎಸ್ಸೋ, ಬೇರೆ ಏನಾದರೂ ಇದೆಯೋ, ಹೇಗೆ ತಿಳಿಯುವುದು? ನೋವು ಬಂದ ದಿನ, ಮೋಷನ್ ಹೇಗಿತ್ತು, ಮುಟ್ಟು ಯಾವತ್ತು, ಮಾತ್ರೆ ಶುರು ಮಾಡಿದ್ದು ಯಾವಾಗ, ಇವನ್ನು ಕ್ಯಾಲೆಂಡರ್‌ನಲ್ಲಿ ಎರಡು ಮೂರು ತಿಂಗಳು ಗುರುತು ಹಾಕಿ ಡಾಕ್ಟರಿಗೆ ತೋರಿಸು ಎಂದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಬೇಧಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ಏರುಪೇರು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, ಇವಕ್ಕೆಲ್ಲ ಕ್ಯಾಲೆಂಡರ್ ನೋಡುತ್ತಾ ಕೂರಬಾರದು, ಬೇಗ ತೋರಿಸಬೇಕು. ಮಾತ್ರೆ ನುಂಗುವವರಿಗೆ ಇನ್ನೊಂದು ಮಾತೂ ಸೇರಿಸಿದೆ: ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ವಾಂತಿ, ಜೋರು ಬೇಧಿ ಎರಡು ದಿನಕ್ಕಿಂತ ಜಾಸ್ತಿ ನಡೆದರೆ ಮಾತ್ರೆ ತಪ್ಪಿದ ಹಾಗೇ ಲೆಕ್ಕ. ಐಬಿಎಸ್ ಇದ್ದವರು ಮಾತ್ರೆಗೆ ಹೆದರುವುದಕ್ಕಿಂತ ಇದನ್ನು ನೆನಪಿಡುವುದು ಮುಖ್ಯ.

ಸಂಜೆ ಚಿಕ್ಕಮ್ಮ ನನಗೆ ಫೋನ್ ಮಾಡಿದರು. ಸೊಸೆಯ ಜೊತೆ ಮಾತಾಡಿದ್ದಾರಂತೆ, ಏನು ಎಂದು ನಾನು ಕೇಳಲಿಲ್ಲ. ಆ ಫಾರ್ವರ್ಡ್ ಅನ್ನು ಭಜನಾ ಮಂಡಳಿಯ ಗುಂಪಿಗೂ ಹಾಕಿದ್ದರು. ಅಲ್ಲಿಗೂ ಸರಿಯಾದದ್ದನ್ನು ಕಳಿಸಿ ಎಂದು ಒತ್ತಾಯಿಸಿದೆ. "ನಮ್ಮ ಮನೆ ಹುಡುಗಿ ಮೆಡಿಕಲ್ ಶಾಪ್ ಇಟ್ಟಿದ್ದಾಳೆ, ಅವಳು ಹೇಳಿದ್ದು" ಎಂದು ತಲೆಬರಹ ಕೊಟ್ಟು, ಕೆಳಗೆ ನನ್ನ ನಂಬರನ್ನೂ ಸೇರಿಸಿ ಕಳಿಸಿದರು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಒಬ್ಬ ಹೆಣ್ಣುಮಗಳ ಫೋನ್. ಅವಳ ಅತ್ತೆ ಆ ಮಂಡಳಿಯವರು. ಮೊದಲ ಫಾರ್ವರ್ಡ್ ಅವಳಿಗೆ ಮುಂಚೆಯೇ ಬೇರೆ ಕಡೆಯಿಂದ ಬಂದಿತ್ತು. ಹೆದರಿ ಮಾತ್ರೆ ನಿಲ್ಲಿಸಿ ಮೂರು ದಿನವಾಗಿದೆ, ಈಗ ಏನು ಮಾಡಲಿ ಎಂದಳು. ಪಟ್ಟಿ ಕೈಯಲ್ಲಿ ಹಿಡಿದು ಎಷ್ಟು ಬಿಳಿ ಮಾತ್ರೆ ಉಳಿದಿವೆ ಎಣಿಸು ಎಂದೆ. ಎರಡನೇ ವಾರದ ನಡುವೆ ಇದ್ದಳು. ಒಂದನ್ನು ಈಗಲೇ ನುಂಗು, ನಾಳೆಯಿಂದ ದಿನಕ್ಕೊಂದು ಮುಂದುವರಿಸು, 7 ದಿನ ಕಾಂಡೋಮ್ ಬಳಸಿ ಎಂದು ಹೇಳಿದೆ. ಕಳೆದ 5 ದಿನದಲ್ಲಿ ಗಂಡನ ಜೊತೆ ಸೇರಿದ್ದರೆ ಎಮರ್ಜೆನ್ಸಿ ಮಾತ್ರೆ ಬೇಕಾಗಬಹುದು, ಇವತ್ತೇ ಡಾಕ್ಟರನ್ನು ಕೇಳು ಎಂದೆ. ಅವಳು ಪೆನ್ನು ತಂದು ಬರೆದುಕೊಂಡಳು, ಮತ್ತೊಮ್ಮೆ ನನಗೇ ಓದಿ ಹೇಳಿದಳು.