ದಸರಾ ದೀಪ ನೋಡಲು ಹೊರಟವರ ಕಾಲಿನ ಪ್ರಶ್ನೆಗಳು

ಪ್ರಶ್ನೆ (ಹುಬ್ಬಳ್ಳಿಯಿಂದ): ಡಾಕ್ಟ್ರೇ, ನಮಸ್ಕಾರ. ಈ ಸಲ ದಸರಾಕ್ಕೆ ಮನೆಮಂದಿಯೆಲ್ಲ ಮೈಸೂರಿಗೆ ಬರುತ್ತಿದ್ದೇವೆ. ಸಂಜೆ ಅರಮನೆ ಸುತ್ತ, ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸು ರಸ್ತೆ ಎಲ್ಲ ನಡೆದುಕೊಂಡೇ ಸುತ್ತಬೇಕು ಅಂತ ಯಜಮಾನರ ಆಸೆ. ಅತ್ತೆಗೆ 66 ವರ್ಷ, ಶುಗರ್ ಬಂದು 14 ವರ್ಷ ಆಯ್ತು. ಮಾವನಿಗೆ ಮಂಡಿನೋವು. 7 ವರ್ಷದ ಮಗಳಿಗೆ ಹಬ್ಬಕ್ಕೆ ಹೊಸ ಶೂ ತಂದಿದ್ದೇವೆ. "ನನ್ನ ಕಾಲು ಒಂದಿನಾನೂ ನೋಯುವುದಿಲ್ಲ, ಎಷ್ಟಾದರೂ ನಡೀತೀನಿ" ಅಂತಾರೆ ಅತ್ತೆ. ಯಾರಿಗೆ ಏನು ಹಾಕಿಸಲಿ? ಎಷ್ಟು ನಡೆಸಬಹುದು?

ಡಾಕ್ಟರ್: ನಮಸ್ಕಾರ ಮೇಡಂ. ಮಾವನವರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ನೋವು ಬಂದರೆ ಅವರೇ ಕೂತುಬಿಡುತ್ತಾರೆ. "ನೋವೇ ಇಲ್ಲ" ಅನ್ನುವ ನಿಮ್ಮ ಅತ್ತೆಯ ಕಾಲಿನದೇ ಯೋಚನೆ.

ಶುಗರ್ ಹಳೆಯದಾದಂತೆ ಪಾದದ ನರಗಳು ಮಂಕಾಗುತ್ತವೆ. ಚಪ್ಪಲಿಯೊಳಗೆ ಕಲ್ಲು ಸೇರಿದ್ದರೂ, ಪಟ್ಟಿ ಉಜ್ಜಿ ಗಾಯ ಆಗಿದ್ದರೂ ತಿಳಿಯುವುದಿಲ್ಲ. ಅಟ್ಟೆಯಿಂದ ಮೊಳೆ ತೂರಿ ಪಾದಕ್ಕೆ ಹೊಕ್ಕಿದ್ದರೂ ಆರಾಮಾಗಿ ನಡೆದುಕೊಂಡು ಕ್ಲಿನಿಕ್ಕಿಗೆ ಬಂದವರನ್ನು ಈ ಕೆಲಸದಲ್ಲಿರುವ ಎಲ್ಲರೂ ನೋಡಿರುತ್ತಾರೆ.

ಹೊರಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅತ್ತೆಯವರನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒಟ್ಟು ಆರು ಕಡೆ. ಒತ್ತಬೇಡಿ, ತಟ್ಟಬೇಡಿ, ಕಚಗುಳಿ ಇಡಬೇಡಿ. ಮುಟ್ಟಿದ್ದು ಗೊತ್ತಾದಾಗ ಎಡ, ಬಲ ಅಂತ ಹೇಳಲಿ. ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಅಂತಲೇ ಲೆಕ್ಕ.

ಚಪ್ಪಲಿ ವಿಷಯ. ಶುಗರ್ ಇರುವವರಿಗೆ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್ ಅನ್ನುವ ಮೆತ್ತನೆ ರಬ್ಬರ್) ಚಪ್ಪಲಿ ಸಿಗುತ್ತದೆ. ಒಳಗೆ ಮೆತ್ತಗೆ, ಕೆಳಗೆ ಗಟ್ಟಿ ಅಟ್ಟೆ. ಬೆರಳ ಸಂದಿಗೆ ಕಡ್ಡಿ ಬರುವ ಹವಾಯಿ ಥರದ್ದು ಬೇಡ. ಹಿಮ್ಮಡಿಗೆ ಬೆಲ್ಟ್ ಇರಲೇಬೇಕು. ದಸರಾ ಜನಜಂಗುಳಿಯಲ್ಲಿ ಹಿಂದಿನವರು ಚಪ್ಪಲಿ ತುದಿ ತುಳಿದರೆ ಅದು ಅಲ್ಲೇ ಹೋಯಿತು, ಬಗ್ಗಿ ಹುಡುಕಲೂ ಆಗುವುದಿಲ್ಲ. ಆಮೇಲೆ ಬರಿಗಾಲೇ ಗತಿ. ಕೊಳ್ಳುವುದಾದರೆ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಮನೆಯಲ್ಲಿ ದಿನಕ್ಕೆ ಒಂದೆರಡು ಗಂಟೆ ಹಾಕಿಸಿ ರೂಢಿ ಮಾಡಿಸಿ. ಮೈಸೂರಿನಲ್ಲಿ ಇಳಿದ ಸಂಜೆ ಮೊದಲ ಸಲ ಹಾಕುವುದು ಬೇಡವೇ ಬೇಡ. ಹಾಕುವ ಮುಂಚೆ ಪ್ರತಿ ಸಲ ಒಳಗೆ ಕೈ ಆಡಿಸಿ ನೋಡಿ.

ಹಗಲು ಅರಮನೆ ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು, ಬೆಟ್ಟದ ದೇವಸ್ಥಾನದಲ್ಲೂ ಅಷ್ಟೇ. ಅತ್ತೆಗೆ ದಪ್ಪ ಹತ್ತಿಯ ಸಾಕ್ಸ್ ಇರಲಿ, ಬಿಳಿಯದಾದರೆ ಒಳ್ಳೆಯದು, ರಕ್ತ ಬಂದರೆ ಕಣ್ಣಿಗೆ ಬೀಳುತ್ತದೆ. ಅಡಿಯಲ್ಲಿ ರಬ್ಬರ್ ಚುಕ್ಕಿ ಇದ್ದರೆ ನುಣುಪು ನೆಲದಲ್ಲಿ ಜಾರುವುದಿಲ್ಲ. ಮೇಲಿನ ಎಲಾಸ್ಟಿಕ್ ಬಿಗಿ ಇರಬಾರದು.

ಮಾವನವರಿಗೆ ಕೋಲು ಕೊಡಿ. ಬಲ ಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿ. ಬಹಳ ಜನ ಉಲ್ಟಾ ಹಿಡಿಯುತ್ತಾರೆ. ಇನ್ನೊಂದು, ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಟ್ಟುಬಿಡುತ್ತದೆ ಅಂದರೆ ಅದು ಮಂಡಿ ತೊಂದರೆ ಅಲ್ಲ, ರಕ್ತನಾಳದ್ದಿರಬಹುದು. ಬೀಡಿ ಸಿಗರೇಟು ಸೇದುವವರಾದರೆ ಮೊದಲು ತೋರಿಸಿ.

ಎಷ್ಟು ನಡೆಸಬಹುದು ಅಂದಿರಿ. ಅರಮನೆ ಸುತ್ತಮುತ್ತ ಆ ದಿನಗಳಲ್ಲಿ ಗಾಡಿ ಬಿಡದ ರಸ್ತೆಗಳು ಜಾಸ್ತಿ. ದೀಪ ನೋಡುವಾಗ ಯಾರಿಗೂ ಸುಸ್ತು ಗೊತ್ತಾಗುವುದಿಲ್ಲ. ಎಲ್ಲೋ ನಿಲ್ಲಿಸಿದ ಕಾರಿನವರೆಗೆ ವಾಪಸ್ ನಡೆಯುವಾಗಲೇ ಕಾಲು ಕೈಕೊಡುವುದು. ಆ ದೂರವನ್ನೂ ಸೇರಿಸಿ ಲೆಕ್ಕ ಹಾಕಿ. ಅರ್ಧ ಗಂಟೆಗೊಮ್ಮೆ ಕೂರಿಸಿ. ಜಂಬೂಸವಾರಿ ದಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್, ಅದನ್ನು ಇಡೀ ನಡೆಯುವ ಹಟ ಯಾರಿಗೂ ಬೇಡ. ಅರಮನೆಯ ಸುಮಾರು 1 ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಎಲ್ಲರ ಮುಖ ಮೇಲಕ್ಕೆ. ಬ್ಯಾರಿಕೇಡ್ ಕಾಲು, ನೆಲದ ಮೇಲಿನ ವೈರು, ಎದ್ದ ಚಪ್ಪಡಿ ಯಾರಿಗೂ ಕಾಣುವುದಿಲ್ಲ. ನಿಂತು ನೋಡಿ, ಆಮೇಲೆ ನಡೆಯಿರಿ.

ಪ್ರಶ್ನೆ (ಮೈಸೂರಿನವರು): ಸಾರ್, ಆಯುಧಪೂಜೆ ಸಂಜೆಯ ಬೂದುಗುಂಬಳ ಮರೆತಿರಾ? ನಮ್ಮ ಬೀದಿಯಲ್ಲಿ ಪ್ರತಿ ವರ್ಷ ಯಾರಾದರೂ ಜಾರುತ್ತಾರೆ.

ಡಾಕ್ಟರ್: ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಪ್ರತಿ ಅಂಗಡಿ, ಪ್ರತಿ ಗ್ಯಾರೇಜ್ ಮುಂದೆ ಕುಂಕುಮ ತುಂಬಿ ಒಡೆದ ಕುಂಬಳಕಾಯಿ, ಜಜ್ಜಿದ ನಿಂಬೆಹಣ್ಣು, ತೆಂಗಿನ ಚಿಪ್ಪಿನ ಚೂರು. ತಿರುಳು ಸೋಪಿನಂತೆ ಜಾರುತ್ತದೆ, ಚಿಪ್ಪು ಚುಚ್ಚುತ್ತದೆ. ಮಳೆ ಹನಿದರಂತೂ ಕೇಳಲೇಬೇಡಿ. ಚಪ್ಪಲಿ ತಿರುಗಿಸಿ ನೋಡಿ, ಅಟ್ಟೆಯ ಗೆರೆಗಳು ಸವೆದು ನುಣ್ಣಗಾಗಿದ್ದರೆ ಅದು ಆ ಸಂಜೆಗೆ ಬೇಡ. ದೃಷ್ಟಿ ತೆಗೆದವರು ಚೂರುಗಳನ್ನು ಬದಿಗೆ ಗುಡಿಸಿದರೆ ಇನ್ನೊಬ್ಬರ ಸೊಂಟ ಉಳಿಯುತ್ತದೆ, ಅಲ್ವಾ?

ಚುಚ್ಚಿಯೇಬಿಟ್ಟರೆ ನೀರು, ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಕಾಫಿಪುಡಿ, ಅರಿಶಿನ ತುಂಬಬೇಡಿ. ಕೊಳಕು ಗಾಯವಾಗಿ, ಟಿಟಿ ಇಂಜೆಕ್ಷನ್ ತಗೊಂಡು 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು.

ಪ್ರಶ್ನೆ (ಹುಬ್ಬಳ್ಳಿಯಿಂದ): ಮಗಳ ಶೂ ಬಗ್ಗೆ ಹೇಳಲಿಲ್ಲ. ಒಂದು ಸೈಜ್ ದೊಡ್ಡದೇ ತಂದಿದ್ದೇವೆ, ಮುಂದಿನ ವರ್ಷಕ್ಕೂ ಆಗಲಿ ಅಂತ.

ಡಾಕ್ಟರ್: ಎಲ್ಲರ ಮನೆಯಲ್ಲೂ ಇದೇ ಕಥೆ. ಮಗು ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡಿ ಬೊಬ್ಬೆ ಬರುತ್ತದೆ. ಹಳೆ ಶೂ ಹಾಕಿಸಿ, ಹೊಸದು ಫೋಟೋಗೆ ಇರಲಿ. ಹಿಮ್ಮಡಿ ಕೆಂಪಾದ ಕೂಡಲೇ ಮೈಕ್ರೋಪೋರ್ ಟೇಪ್ ಅಂಟಿಸಿ. ಬೊಬ್ಬೆ ಎದ್ದರೆ ಒಡೆಯಬೇಡಿ.

ಪ್ರಶ್ನೆ (ಮಂಡ್ಯದಿಂದ): ನನಗೀಗ 7 ತಿಂಗಳು. ಸಂಜೆ ಆದರೆ ಎರಡೂ ಪಾದ ಊದುತ್ತದೆ. ಹೋಗಬಹುದಾ?

ಡಾಕ್ಟರ್: ಹೆರಿಗೆ ಡಾಕ್ಟರ್ ನಡೆಯಲು ಬೇಡ ಅಂದಿಲ್ಲದಿದ್ದರೆ ಸ್ವಲ್ಪ ನಡೆಯಬಹುದು. ಎರಡೂ ಪಾದ ಸಂಜೆ ಊದಿ, ಬೆಳಿಗ್ಗೆ ಇಳಿದರೆ ಸಾಮಾನ್ಯ. ನೂಕುನುಗ್ಗಲು ಮಾತ್ರ ಬೇಡ. ಮುಖ, ಕೈ ಊದಿಕೊಂಡರೆ, ತಲೆನೋವು ಬಂದರೆ, ಕಣ್ಣು ಮಂಜಾದರೆ ಅವತ್ತೇ ಬಿಪಿ ನೋಡಿಸಿ. ಒಂದೇ ಕಾಲು ಊದಿ ನೋಯುತ್ತಿದ್ದರೂ ಆಸ್ಪತ್ರೆಗೆ ಹೋಗಿ, ಹಬ್ಬ ಮುಗಿಯಲಿ ಅಂತ ಕಾಯಬೇಡಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ರಾತ್ರಿ ರೂಮಿಗೆ ಬಂದ ಮೇಲೆ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಟ್ಟುಕೊಳ್ಳುವುದು ಅತ್ತೆಯ ಅಭ್ಯಾಸ. ಮಾಡಬಹುದಲ್ವಾ?

ಡಾಕ್ಟರ್: ನಿಮಗೆ, ಮಾವನವರಿಗೆ ಸರಿ. ಅತ್ತೆಗೆ ಬೇಡ. ನೀರು ಎಷ್ಟು ಬಿಸಿ ಅಂತ ಅವರ ಪಾದ ಹೇಳುವುದಿಲ್ಲ, ಸುಟ್ಟ ಮೇಲೆ ಗೊತ್ತಾಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬೆರಳ ಸಂದಿ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ಅಂಗಾಲು ನೋಡಿ. ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಸಂದಿಗೆ ಬೇಡ. ಆಣಿ ಇದ್ದರೆ ಕಾರ್ನ್ ಕ್ಯಾಪ್ ಅನ್ನುವ ಔಷಧಿ ಪಟ್ಟಿ ಅಂಟಿಸಬೇಡಿ, ಬ್ಲೇಡ್ ಅಂತೂ ಮುಟ್ಟಲೇಬೇಡಿ. ಗಾಯ ಕಂಡರೆ, ಒಂದು ಜಾಗ ಕೆಂಪಗೆ ಬಿಸಿಯಾಗಿದ್ದರೆ, ಮರುದಿನವೇ ತೋರಿಸಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ಈಗಷ್ಟೇ ಆ ಬೆರಳಿನ ಪರೀಕ್ಷೆ ಮಾಡಿದೆವು. ಆರರಲ್ಲಿ ಮೂರು ಕಡೆ ಅತ್ತೆಗೆ ಗೊತ್ತಾಗಲಿಲ್ಲ. ಸುಮ್ಮನಾಗಿಬಿಟ್ಟರು. ಮನೆಯಲ್ಲೇ ಬಿಟ್ಟು ಬರಬೇಕಾ?

ಡಾಕ್ಟರ್: ಯಾಕೆ ಬಿಡಬೇಕು, ಕರೆದುಕೊಂಡು ಬನ್ನಿ. ಹೊರಡುವ ಮುಂಚೆ ಹುಬ್ಬಳ್ಳಿಯಲ್ಲೇ ಶುಗರ್ ಡಾಕ್ಟರ್ ಹತ್ತಿರ ಪಾದ ತೋರಿಸಿ. ಈಗಾಗಲೇ ಗಾಯ ಇದ್ದರೆ ಮಾತ್ರ ನಡಿಗೆ ಪೂರ್ತಿ ಬಂದ್. ಇಲ್ಲಿ ಅರಮನೆ ಮುಂದೆ ಸ್ವಲ್ಪ ಹೊತ್ತು ನಡೆಸಿ, ಉಳಿದ ದೀಪಗಳನ್ನು ಕೂತು ನೋಡಲಿ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಅಂಬಾರಿ ಡಬಲ್ ಡೆಕ್ಕರ್ ಬಸ್ ಇದೆ, ಟಾಂಗಾನೂ ಸಿಗುತ್ತದೆ. ಬಸ್ಸಿನ ಮೇಲಿನ ಸೀಟಿಗೆ ಮೆಟ್ಟಿಲು ಹತ್ತಬೇಕು, ಮಾವನವರಿಗೆ ಕೆಳಗಿನದೇ ಇರಲಿ. ಟಿಕೆಟ್ ಮೊದಲೇ ಮಾಡಿಸಿ, ಕೊನೆ ಗಳಿಗೆಗೆ ಬಿಡಬೇಡಿ.