ಚಿತ್ರದಲ್ಲಿ ದಾಸವಾಳ ಬರೀ ಕೆಂಪು ಮುದ್ದೆಯಾಗಿ ಕಾಣುತ್ತಿದೆ. ಚಿಗುರು ಹಳದಿಯಾಗಿ ಮೊಗ್ಗೂ ಉದುರುತ್ತಿದೆ

ತಾರಸಿತೋಟ, ಮಹದೇವಪುರ:

ಎಲ್ಲರಿಗೂ ನಮಸ್ಕಾರ. ನೀವೆಲ್ಲರೂ ನಿಮ್ಮ ಮನೆಯ ಹೂಗಳ ಚಿತ್ರಗಳನ್ನು ಹಂಚಿಕೊಳ್ಳುತ್ತಿರುವುದನ್ನು ಕಂಡು ನಾನೂ ನಮ್ಮ ತಾರಸಿಯ ಕೆಂಪು ದಾಸವಾಳ, ಶಂಖಪುಷ್ಪ ಮತ್ತು ದುಂಡುಮಲ್ಲಿಗೆಯ ಚಿತ್ರಗಳನ್ನು ಲಗತ್ತಿಸಿದ್ದೇನೆ. ಶಂಖಪುಷ್ಪ, ಮಲ್ಲಿಗೆಗಳು ಚೆನ್ನಾಗಿಯೇ ಇವೆ. ದಾಸವಾಳದ ಬಗ್ಗೆ ಮಾತ್ರ ಎರಡು ಸಂದೇಹಗಳಿವೆ. ಎಸಳಿನ ಗೆರೆಗಳೂ ನಡುವಿನ ಕಡುಗೆಂಪೂ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ, ಆದರೆ ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಹೂವೆಲ್ಲ ಒಂದೇ ಕೆಂಪು ಮುದ್ದೆಯಾಗಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೂವಿನ ಹಿಂದಿರುವ ಎಲೆಗಳು ಹಳದಿಯಾಗಿರುವುದನ್ನು ನೀವೂ ಗಮನಿಸಿರಬಹುದು. ಮೊಗ್ಗುಗಳಲ್ಲಿ ಹಲವು ಅರಳುವ ಮೊದಲೇ ಉದುರುತ್ತಿವೆ. ಗಿಡವು 12 ಅಂಗುಲದ ಕುಂಡದಲ್ಲಿ, ಕೆಂಪು ಮಣ್ಣು, ಎರೆಹುಳು ಗೊಬ್ಬರ ಮತ್ತು ಕೊಕೊಪೀಟ್ ಮಿಶ್ರಣದಲ್ಲಿದೆ. ನೀರು ಬೋರ್‌ವೆಲ್‌ನದು. ಡಿಎಪಿ ಎಂಬ ರಾಸಾಯನಿಕ ಗೊಬ್ಬರ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಹಾಕಬಹುದೇ?

ಬೆಳಕುನೆರಳು, ಮಲ್ಲೇಶ್ವರ:

ಚಿತ್ರದ ವಿಷಯಕ್ಕೆ ಮಾತ್ರ ನಾನು ಉತ್ತರಿಸಬಲ್ಲೆ. ಕ್ಯಾಮೆರಾ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ದಾಸವಾಳದಿಂದ ಬರುವುದು ಹೆಚ್ಚುಕಡಿಮೆ ಕೆಂಪು ಬೆಳಕೊಂದೇ. ಸುತ್ತಲಿನ ಕಡುಹಸಿರು ಎಲೆಗಳು ಕಾಣಲೆಂದು ಮೊಬೈಲು ಇಡೀ ಚಿತ್ರವನ್ನು ಬೆಳಗಿಸಿದಾಗ ಕೆಂಪಿನ ಅಳತೆ ತನ್ನ ಮಿತಿಯನ್ನು ಮುಟ್ಟಿಬಿಡುತ್ತದೆ, ಆಮೇಲೆ ಗೆರೆಗೂ ಎಸಳಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ತೆರೆಯ ಮೇಲೆ ಹೂವನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದರೆ ಎಸಳಿನ ಗೆರೆಗಳು ಮರಳಿ ಕಾಣಿಸುತ್ತವೆ. ಎಲೆಗಳು ತುಸು ಕಪ್ಪಾದರೂ ಚಿಂತೆಯಿಲ್ಲ.

ತಾರಸಿಯ ನೇರ ಬಿಸಿಲಿನಲ್ಲಿ ತೆಗೆಯಲೇಬೇಡಿ. ಬೆಳಿಗ್ಗೆ ಪೂಜೆಗೆ ಕಿತ್ತ ದಾಸವಾಳ ನೀರಿಲ್ಲದಿದ್ದರೂ ಸಂಜೆಯವರೆಗೆ ಅರಳಿಯೇ ಇರುತ್ತದೆಯಾದ್ದರಿಂದ, ಒಂದು ಹೂವನ್ನು ತಂದು ಬಿಸಿಲು ಬೀಳದ ಕಿಟಕಿಯ ಬಳಿ ಇಟ್ಟು ನಿಧಾನವಾಗಿ ಚಿತ್ರ ತೆಗೆಯಬಹುದು. ಗಿಡದಲ್ಲಿರುವಂತೆಯೇ ಬೇಕೆಂದರೆ ಮನೆಯವರೊಬ್ಬರಿಗೆ ಬಿಳಿ ಪಂಚೆಯನ್ನು ಬಿಸಿಲಿಗೆ ಅಡ್ಡವಾಗಿ ಹಿಡಿಯಲು ಹೇಳಿ. ಆಗಸ್ಟ್ ತಿಂಗಳಲ್ಲಾದರೆ ಆ ಕೆಲಸವನ್ನು ಬೆಂಗಳೂರಿನ ಮೋಡವೇ ಮಾಡಿಕೊಡುತ್ತದೆ.

ಹೊಂಗೆಮರ, ಜಯನಗರ:

ಡಿಎಪಿಯನ್ನು ದಯವಿಟ್ಟು ಹಾಕಬೇಡಿ, ಈ ಗಿಡಕ್ಕೆ ಅದರಿಂದ ಹಾನಿಯೇ ಹೆಚ್ಚು. ನಾವೆಲ್ಲರೂ ಹೂವಿನ ಚಿತ್ರವನ್ನು ಚೆಂದವಾಗಿ ತೆಗೆದು ಹಾಕುತ್ತೇವೆ, ಆದರೆ ಗಿಡದ ಆರೋಗ್ಯವನ್ನು ಹೇಳುವ ಭಾಗಗಳು ಚೌಕಟ್ಟಿನ ಹೊರಗೇ ಉಳಿದುಬಿಡುತ್ತವೆ. ನಿಮ್ಮ ಚಿತ್ರದ ಅಂಚಿನಲ್ಲಿ ಅದೃಷ್ಟವಶಾತ್ ಎರಡು ಸುಳಿವುಗಳು ಸಿಕ್ಕಿವೆ. ಹಳದಿಯಾಗಿರುವುದು ತುದಿಯ ಹೊಸ ಎಲೆಗಳು; ಅವುಗಳ ನರಗಳು ಮಾತ್ರ ಹಸಿರಾಗಿಯೇ ಇವೆ, ಕೆಳಗಿನ ಹಳೆಯ ಎಲೆಗಳೂ ಹಸಿರಾಗಿವೆ. ಜೊತೆಗೆ ಕುಂಡದ ಅಂಚಿನಲ್ಲಿ ಬಿಳಿಯ ಪದರ ಕಟ್ಟಿದೆ.

ಸಾರಜನಕ ಅಥವಾ ಮೆಗ್ನೀಸಿಯಂ ಕಡಿಮೆಯಾದರೆ ಗಿಡವು ಹಳೆಯ ಎಲೆಗಳಿಂದ ಅದನ್ನು ತೆಗೆದು ಚಿಗುರಿಗೆ ಕೊಡುತ್ತದೆ, ಆದ್ದರಿಂದ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ಕಬ್ಬಿಣದ ಅಂಶವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ, ಹಾಗಾಗಿ ಅದರ ಕೊರತೆ ಚಿಗುರಿನಲ್ಲೇ ಕಾಣಿಸುತ್ತದೆ. ನಮ್ಮ ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದಿಂದ, ಅದರಲ್ಲಿ ಕೊರತೆಯೆಲ್ಲಿಂದ ಬಂತು ಎಂದು ನೀವು ಕೇಳಬಹುದು. ಬೋರ್‌ವೆಲ್ ನೀರಿನಲ್ಲಿರುವ ಬೈಕಾರ್ಬೊನೇಟು ದಿನದಿನವೂ ಸೇರುತ್ತಾ ಕುಂಡದ ಮಣ್ಣನ್ನು ಕ್ಷಾರೀಯವಾಗಿಸುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣವು ನೀರಿನಲ್ಲಿ ಕರಗದ ರೂಪದಲ್ಲಿ ಉಳಿದು ಬೇರಿಗೆ ಸಿಗುವುದಿಲ್ಲ. ಡಿಎಪಿಯಲ್ಲಿರುವ ರಂಜಕವು ಉಳಿದಷ್ಟನ್ನೂ ಹಿಡಿದಿಡುತ್ತದೆ, ನನ್ನ ವಿರೋಧಕ್ಕೆ ಕಾರಣ ಅದೇ.

ತಾತ್ಕಾಲಿಕ ಉಪಾಯವೆಂದರೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟು. ಲೀಟರ್ ನೀರಿಗೆ 2ರಿಂದ 3 ಗ್ರಾಂ ಕರಗಿಸಿ, ಬಿಸಿಲಿಳಿದ ಮೇಲೆ ಎಲೆಗಳ ಎರಡೂ ಬದಿಗೆ ಸಿಂಪಡಿಸಿ. ಹನಿ ಬಿದ್ದ ಜಾಗ ಮಾತ್ರ ಹಸಿರಾಗಿ ಎಲೆ ಚುಕ್ಕೆಚುಕ್ಕೆಯಾಗಿ ಕಂಡರೆ ಈ ರೋಗನಿರ್ಣಯ ಸರಿಯಾಯಿತೆಂದೇ ತಿಳಿಯಬಹುದು. ಕೆಳಗೆ ಹಳೆಯ ಬಟ್ಟೆ ಹಾಸುವುದನ್ನು ಮರೆಯಬೇಡಿ, ಟೈಲ್ಸಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ. ಮಣ್ಣಿಗೇ ಹಾಕುವುದಾದರೆ ಅನ್ನಭೇದಿ ಅಲ್ಲಿ ಬೇಗ ನಿರುಪಯುಕ್ತವಾಗುತ್ತದೆ. ಇಡಿಡಿಎಚ್‌ಎ ಎಂದು ಬರೆದಿರುವ ಕಬ್ಬಿಣದ ಪುಡಿಯನ್ನು ಕೇಳಿ ಪಡೆಯಿರಿ, ಅಗ್ಗದ ಇಡಿಟಿಎ ಪುಡಿ ಕ್ಷಾರೀಯ ಮಣ್ಣಿನಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ.

ಶಾಶ್ವತ ಪರಿಹಾರ ನೀರನ್ನು ಬದಲಿಸುವುದೇ ಆಗಿದೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಗಿ ನಗರದಂಚಿನ 110 ಹಳ್ಳಿಗಳಿಗೆ ನೀರು ಕೊಡುವ ಯೋಜನೆಯಾದ್ದರಿಂದ, ನಿಮ್ಮ ಕಟ್ಟಡಕ್ಕೆ ಸಂಪರ್ಕ ಸಿಕ್ಕಿದ್ದರೆ ಗಿಡಗಳಿಗೂ ಒಂದು ಪಾಲು ಎತ್ತಿಡಿ. ಇಲ್ಲದಿದ್ದರೆ ಮಳೆನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 9 ಚದರ ಮೀಟರಿನ ಚಪ್ಪರದ ತಗಡಿನಿಂದ 10 ಮಿಲಿಮೀಟರ್ ಮಳೆಗೆ 90 ಲೀಟರಿನ ಹತ್ತಿರ ಸಿಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಡ್ರಮ್ ತುಂಬುವುದು ಕಷ್ಟವಲ್ಲ. ಆ ನೀರನ್ನು ಕುಂಡದ ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಒಮ್ಮೆ ಹಾಕಿದರೆ ಬಿಳಿಯ ಪದರವಾಗಿ ಕಟ್ಟಿಕೊಂಡ ಉಪ್ಪು ತೊಳೆದುಹೋಗುತ್ತದೆ.

ಮೊಗ್ಗು ಉದುರುವುದಕ್ಕೆ ಇದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಉದುರಿದ ಮೊಗ್ಗೊಂದನ್ನು ಉಗುರಿನಿಂದ ಸೀಳಿ, ಒಳಭಾಗದ ಚಿತ್ರವನ್ನು ಹಾಕಿ.

ತಾರಸಿತೋಟ, ಮಹದೇವಪುರ:

ಬಹಳ ಉಪಕಾರವಾಯಿತು. ಪಂಚೆಯ ಉಪಾಯದಿಂದ ತೆಗೆದ ಹೂವಿನ ಹೊಸ ಚಿತ್ರವನ್ನು ಹಾಕಿದ್ದೇನೆ, ಈಗ ಎಸಳಿನ ಅಂಚಿನ ಸುಕ್ಕುಗಳೂ ಕಾಣುತ್ತಿವೆ. ಎರಡನೆಯ ಚಿತ್ರ ಸೀಳಿದ ಮೊಗ್ಗಿನದು. ಒಳಗೆ ಸಣ್ಣ ಬಿಳಿ ಹುಳುಗಳಿವೆ, ಮುಟ್ಟಿದರೆ ಚಿಮ್ಮುತ್ತವೆ. ಉದುರಿದ ಮೊಗ್ಗುಗಳನ್ನು ನಾನು ಅದೇ ಕುಂಡಕ್ಕೆ ಗೊಬ್ಬರವಾಗಲಿ ಎಂದು ಬಿಡುತ್ತಿದ್ದೇನೆ.

ಕೈತೋಟದಜ್ಜಿ, ಬಸವನಗುಡಿ:

ಇದು ಮೊಗ್ಗಿನ ನೊಣದ ಮರಿಹುಳು. ಸೊಳ್ಳೆಗಿಂತ ಸಣ್ಣದಾದ ಈ ನೊಣ ಎಳೆಯ ಮೊಗ್ಗಿನೊಳಗೆ ಮೊಟ್ಟೆಯಿಡುತ್ತದೆ; ಹುಳುಗಳು ಒಳಗೇ ತಿಂದು ಬೆಳೆದು, ಮಣ್ಣಿಗಿಳಿದು ಕೋಶ ಕಟ್ಟಿಕೊಂಡು, ನೊಣವಾಗಿ ಮತ್ತೆ ಮೇಲೆ ಬರುತ್ತವೆ. ಉದುರಿದ ಮೊಗ್ಗನ್ನು ಕುಂಡದಲ್ಲೇ ಬಿಟ್ಟರೆ ಅವುಗಳ ಮುಂದಿನ ಪೀಳಿಗೆಗೆ ನಾವೇ ಮನೆ ಕಟ್ಟಿಕೊಟ್ಟಂತಾಗುತ್ತದೆ. ಹುಳು ಮೊಗ್ಗಿನೊಳಗೆ ಇರುವುದರಿಂದ ಮೇಲೆ ಏನು ಸಿಂಪಡಿಸಿದರೂ ಅದಕ್ಕೆ ತಟ್ಟುವುದಿಲ್ಲ, ಮದ್ದಿಗೆ ಹಣ ಸುರಿಯಬೇಡಿ.

ಪ್ರತಿದಿನ ಬೆಳಿಗ್ಗೆ ಉದುರಿದ ಮೊಗ್ಗುಗಳನ್ನೂ ಗಿಡದಲ್ಲೇ ಹಳದಿಗಟ್ಟಿರುವ ಮೊಗ್ಗುಗಳನ್ನೂ ಆರಿಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಒಂದೆರಡು ದಿನ ಬಿಸಿಲಿನಲ್ಲಿಟ್ಟು ಆಮೇಲೆ ಎಸೆಯಿರಿ; ಕಾಂಪೋಸ್ಟ್ ಡಬ್ಬಕ್ಕೆ ಹಾಕಬೇಡಿ. ಮೇಲಿನ ಒಂದೆರಡು ಅಂಗುಲ ಮಣ್ಣನ್ನು ತೆಗೆದು, ಬೇವಿನ ಹಿಂಡಿ ಬೆರೆಸಿದ ಹೊಸ ಮಣ್ಣು ಹಾಕುವುದು ಒಳ್ಳೆಯದು.

ಇನ್ನೊಂದು ಮಾತು. ಈ ನೊಣವೇ ಮಲ್ಲಿಗೆಯ ಮೊಗ್ಗಿಗೂ ಬರುತ್ತದೆ. ನಿಮ್ಮ ಮೊದಲ ಚಿತ್ರದಲ್ಲಿ ದುಂಡುಮಲ್ಲಿಗೆಯ ಕುಂಡ ದಾಸವಾಳಕ್ಕೆ ಒತ್ತಿಕೊಂಡೇ ಇದೆ. ಇಂದೇ ಅದನ್ನು ತಾರಸಿಯ ಬೇರೆ ಮೂಲೆಗೆ ಸರಿಸಿ, ಅದರ ಬುಡಕ್ಕೆ ಉದುರಿರುವ ಮೊಗ್ಗುಗಳನ್ನೂ ಸೀಳಿ ನೋಡಿ ಚಿತ್ರ ಹಾಕಿ.